ಮುಚ್ಚಳದೊಳಗಿನ ಹೆಬ್ಬೆರಳು

ಜಾಕಿ ಕೊಟ್ಟು ಎತ್ತಿದ ಟ್ರೈಲರ್ ಚಕ್ರವನ್ನು ಜೋರಾಗಿ ತಿರುಗಿಸಿ ಬಿಟ್ಟರೆ, ಅದು ನಿಲ್ಲುವ ಮುನ್ನ ಸ್ವಲ್ಪ ಹಿಂದಕ್ಕೆ ಬರಬೇಕು. ಹಾಗೆ ಬರದೆ ಗಕ್ಕನೆ ನಿಂತರೆ ಒಳಗೆ ನಟ್ಟು ಬಿಗಿಯಾಗಿದೆ ಎಂದು ಅರ್ಥ. ಗ್ರೀಸಜ್ಜನಿಗೆ ಇದನ್ನು ಕಲಿಸಿದವನು ಅವನ ಅಣ್ಣ. ಲಾರಿ ನಿಲ್ದಾಣದ ಹಿಂದಿನ ತಗಡಿನ ಶೆಡ್ಡಿನಲ್ಲಿ ಇಬ್ಬರೂ ಬದುಕಿಡೀ ಚಕ್ರ ಬಿಚ್ಚಿದರು. ಬೇರಿಂಗನ್ನು ಡೀಸೆಲ್ಲಿನಲ್ಲಿ ತೊಳೆದು, ಕಾದು ನೀಲಿಗಟ್ಟಿದೆಯೇ ಎಂದು ಬೆಳಕಿಗೆ ಹಿಡಿದು ನೋಡುವುದು. ಚಕ್ರ ಕೂರುವ ಸ್ಪಿಂಡಲ್ಲನ್ನು ಉಗುರಿನಿಂದ ಸವರಿ ಗೀರು ಹುಡುಕುವುದು. ಅಂಗೈಯಲ್ಲಿ ಗ್ರೀಸು ಹಿಡಿದು ಬೇರಿಂಗಿನೊಳಕ್ಕೆ ಒತ್ತಿ ತುಂಬುವುದು. ಕೊನೆಗೆ ನಟ್ಟು ಸಡಿಲವಾಗದಂತೆ ತೂತಿಗೆ ಒಂದು ಸ್ಪ್ಲಿಟ್ ಪಿನ್ನು ಹಾಕಿ, ಅದರ ಕಾಲು ಮಡಚಿ, ಮೇಲೆ ಬಟ್ಟಲಿನಂಥ ಮುಚ್ಚಳ ಬಡಿದರೆ ಮುಗಿಯಿತು.

ಅಣ್ಣನಿಗೆ ಒಂದು ಚಾಳಿ ಇತ್ತು. ಮುಚ್ಚಳ ಬಡಿಯುವ ಮುನ್ನ ಅದರೊಳಗಿನ ಗ್ರೀಸಿನ ಮೇಲೆ ಹೆಬ್ಬೆರಳು ಒತ್ತುತ್ತಿದ್ದ. ಹಿಂದೆಂದೋ ಚೈನಿಗೆ ಸಿಕ್ಕಿ ತುದಿ ಹೋದ ಬೆರಳದು. ಅಚ್ಚು ಅರ್ಧಚಂದ್ರನಂತೆ ಬೀಳುತ್ತಿತ್ತು. "ಸಹಿ ಹಾಕ್ದೆ, ಇನ್ನು ಓಡು" ಎಂದು ಚಕ್ರಕ್ಕೆ ಹೇಳುತ್ತಿದ್ದ.

ಕೊನೆಕೊನೆಗೆ ಒಂದು ಗಾಡಿಗೆ ಅಣ್ಣ ಪಿನ್ನು ಹಾಕುವುದನ್ನೇ ಮರೆತ. ಇಳಿಜಾರಿನಲ್ಲಿ ಹೋಗುತ್ತಿದ್ದ ಡ್ರೈವರನ ಪಕ್ಕದಲ್ಲೇ ಒಂಟಿ ಚಕ್ರವೊಂದು, ಯಾವ ಅವಸರವೂ ಇಲ್ಲದೆ, ಅವನನ್ನು ಹಿಂದೆ ಹಾಕಿ ಉರುಳಿಹೋಯಿತು. "ಯಾವ ಪುಣ್ಯಾತ್ಮಂದಪ್ಪ ಇದು" ಎಂದು ನಕ್ಕವನಿಗೆ, ಗಾಡಿ ವಾಲಿದಾಗಲೇ ಅದು ತನ್ನದೆಂದು ತಿಳಿದದ್ದು. ಯಾರಿಗೂ ಪೆಟ್ಟಾಗಲಿಲ್ಲ. ಅಣ್ಣ ಮಾತ್ರ ಅಂದು ಕೆಳಗಿಟ್ಟ ಸ್ಪ್ಯಾನರನ್ನು ಮತ್ತೆ ಎತ್ತಲಿಲ್ಲ. "ಹಾಕಿದ್ದೆ ಕಣೋ, ನನ್ನ ಕೈಗೆ ಚೆನ್ನಾಗಿ ನೆನಪಿದೆ" ಎನ್ನುತ್ತಲೇ ಮರುವರ್ಷ ತೀರಿಹೋದ.

ಅವನ ಜಾಗಕ್ಕೆ ಗ್ರೀಸಜ್ಜನ ಮಗಳು ಬಂದಳು. ಟ್ರೈಲರ್ ಓಡಿಸುವವನನ್ನೇ ಮದುವೆಯಾದಳು. "ಮನೆ ಅಳಿಯ ಅಲ್ಲ, ಶೆಡ್ ಅಳಿಯ" ಎಂದು ನಿಲ್ದಾಣವೆಲ್ಲ ಅವನನ್ನು ಗೋಳುಹೊಯ್ದುಕೊಳ್ಳುತ್ತಿತ್ತು.

ಒಂದು ಮಧ್ಯಾಹ್ನ ಎಂದಿನ ತಪಾಸಣೆಗೆ ಬಂದ ಗಾಡಿಯ ಮುಚ್ಚಳವನ್ನು ಮಗಳು ಎಬ್ಬಿದಳು. ಎಬ್ಬಿದವಳು ಹಾಗೇ ಕೂತಳು. ಗ್ರೀಸಿನ ನಡುವೆ ಅರ್ಧಚಂದ್ರ. ಈಗಷ್ಟೇ ಒತ್ತಿದಂತೆ ಹಸಿಯಾಗಿ ಹೊಳೆಯುತ್ತಿತ್ತು.

"ಅಪ್ಪಾ, ಇದು ದೊಡ್ಡಪ್ಪಂದಲ್ವಾ?"

"ಹುಚ್ಚಿ. ಈ ಗಾಡಿ ನಮ್ಮಲ್ಲಿಗೆ ಬಂದಿದ್ದೇ ಅವನು ಹೋದ್ಮೇಲೆ."

"ಮತ್ತೆ ಹೋದ್ಸಲ ಮುಚ್ಚಿದ್ದು ಯಾರು?"

"ನಾನೇ."

ಅವಳ ಕಣ್ಣು ಮುಚ್ಚಳದಿಂದ ಚಕ್ರದ ನಡುವಿನ ಹಬ್ಬಿನ ಕಡೆ ಹೋಯಿತು. ನಟ್ಟಿನ ತೂತು ಬರಿದಾಗಿತ್ತು. ನಟ್ಟು ಆಗಲೇ ಒಂದೆರಡು ಸುತ್ತು ಹಿಂದೆ ಸರಿದಿತ್ತು.

"ಪಿನ್ನೆಲ್ಲಪ್ಪಾ?"

"ಹಾಕಿದ್ದೆ ಕಣೇ, ನನ್ನ ಕೈಗೆ ಚೆನ್ನಾಗಿ..." ಗ್ರೀಸಜ್ಜ ಅಲ್ಲಿಗೇ ನಿಲ್ಲಿಸಿದ. ಆ ಮಾತು ಅವನದಾಗಿರಲಿಲ್ಲ. ಬಿಸಿಲಿಗೆ ಕಾದ ತಗಡು ಮೇಲೆಲ್ಲೋ ಟಪ್ಪೆಂದಿತು. ಇಬ್ಬರೂ ತಲೆಯೆತ್ತಿ ನೋಡಿದರು.

"ಬೆಳಿಗ್ಗೆ ಅಳಿಯಂದ್ರ ಗಾಡೀನೂ ನಾನೇ ಮುಚ್ಚಿದ್ದು" ಎಂದ.

ಸಿಮೆಂಟು ಪೈಪು ಹೇರಿಕೊಂಡ ಆ ಗಾಡಿ ಸ್ವಲ್ಪ ಮುಂಚೆ ಹೊರಟಿದ್ದುದು ಇಳಿಜಾರಿನ ದಾರಿಗೆ. ಮಗಳು ಫೋನು ಮಾಡಿದಳು, ಗಂಡ ಎತ್ತಲಿಲ್ಲ. ಮತ್ತೆ ಮಾಡಿದಳು. "ಓಡಿಸೋವಾಗ ಫೋನ್ ಎತ್ತಿದ್ರೆ ಕೈ ಮುರೀತೀನಿ ಅಂದಿದ್ದೋಳು ನಾನೇ" ಎಂದು ಸ್ಕೂಟರಿನ ಕೀ ಹುಡುಕಿದಳು. ಅಪ್ಪ ಉಪಕರಣದ ಚೀಲ ತಬ್ಬಿ ಹಿಂದೆ ಕೂತ. ದಾರಿಯುದ್ದಕ್ಕೂ ರಸ್ತೆಯಂಚಿನಲ್ಲಿ ಉರುಳಿಬರುವ ಒಂಟಿ ಚಕ್ರಕ್ಕಾಗಿ ಅವನ ಕಣ್ಣು ಹುಡುಕುತ್ತಿತ್ತು. ಟಯರಂಗಡಿಯ ಮುಂದೆ ಒರಗಿಸಿದ್ದ ಹಳೇ ಟಯರುಗಳೂ ಈಗಷ್ಟೇ ಉರುಳಿಬಂದು ನಿಂತಂತೆ ಕಂಡವು.

ಇಳಿಜಾರು ಶುರುವಾಗುವ ಮುಂಚೆ ರೈಲ್ವೆ ಗೇಟು. ಅದು ಹಾಕಿತ್ತು. ಸಾಲಿನ ಮಧ್ಯೆ ಅಳಿಯನ ಗಾಡಿ.

"ಏನ್ ಮಾವ, ಮಗಳನ್ನ ಕೊಟ್ಟಿದ್ದು ಸಾಲ್ಲಿಲ್ಲ ಅಂತ ನೀವೂ ಜೊತೆಗೆ ಬಂದ್ರಾ?"

"ರೀ, ಬಾಯ್ಮುಚ್ಕೊಂಡು ಹ್ಯಾಂಡ್‌ಬ್ರೇಕ್ ಹಾಕ್ರಿ" ಎಂದಳು ಅವಳು.

ಬೆಳಿಗ್ಗೆ ಬಿಚ್ಚಿದ್ದು ಎಡಬದಿಯ ಎರಡು ಚಕ್ರ. ಮೊದಲನೆಯದರ ಮುಚ್ಚಳ ಎಬ್ಬಿದರು. ಗ್ರೀಸು ನಯವಾಗಿತ್ತು, ಪಿನ್ನು ಇತ್ತು. ಎರಡನೆಯದರ ಮುಚ್ಚಳ ಮುಟ್ಟಿದಾಗಲೇ ಬಿಸಿ. ಒಳಗೆ ಅರ್ಧಚಂದ್ರ. ಪಿನ್ನಿರಲಿಲ್ಲ. ನಟ್ಟು ಬೆರಳಿನಲ್ಲೇ ತಿರುಗುತ್ತಿತ್ತು. ಅಳಿಯ ಅದನ್ನೂ ಮುಂದಿನ ಇಳಿಜಾರನ್ನೂ ನೋಡಿದ. ಆಮೇಲೆ ತಮಾಷೆ ಮಾಡಲಿಲ್ಲ.

ಗ್ರೀಸಜ್ಜ ತನ್ನ ಬಲಗೈ ಹೆಬ್ಬೆರಳನ್ನು ಬಿಸಿಲಿಗೆ ಹಿಡಿದ. ಇಷ್ಟು ವರ್ಷ ನಟ್ಟು ತಿರುಗಿಸಿ ಅದರ ಗೆಣ್ಣು ಮಡಚಿಕೊಂಡೇ ಉಳಿದಿತ್ತು. ಯಾವಾಗಿನಿಂದ ಹೀಗಿದೆಯೋ ಅವನಿಗೇ ಗೊತ್ತಿರಲಿಲ್ಲ. ಅದನ್ನು ಅಚ್ಚಿನ ಪಕ್ಕದಲ್ಲಿ ಮೆಲ್ಲಗೆ ಒತ್ತಿದ. ಎರಡು ಅರ್ಧಚಂದ್ರಗಳು, ಒಂದೇ ಥರ.

"ನಿಮ್ದೇ ಅಲ್ವಾ ಅಪ್ಪಾ" ಎಂದಳು ಮಗಳು, ಸಮಾಧಾನ ಮಾಡುವಂತೆ.

"ನಂದೇ. ಆದ್ರೆ ನಾನು ಒತ್ತಿಲ್ಲ ಕಣೇ. ಒಂದಿನಾನೂ ಒತ್ತಿಲ್ಲ." ಚೀಲದಿಂದ ಇಕ್ಕಳ ತೆಗೆದು ಅವಳ ಕೈಗಿಟ್ಟ. "ತಗೋ. ನಟ್ಟೂ ನೀನೇ ಕೂರ್ಸು, ಪಿನ್ನೂ ನೀನೇ ಹಾಕು. ಇನ್ಮೇಲೆ ಬಿಚ್ಚೋದು ಮಾತ್ರ ನಾನು, ಮುಚ್ಚೋದು ನೀನು. ಈ ಕೈನ ನಾನು ನಂಬಲ್ಲ."

ಅಳಿಯ ಜಾಕಿ ಕೊಟ್ಟು ಚಕ್ರ ಎತ್ತಿದ. ಅವಳು ಬೇರಿಂಗು ತೊಳೆದು ನೋಡಿ ಹೊಸ ಗ್ರೀಸು ತುಂಬಿದಳು. ಹದವಾಗಿ ನಟ್ಟು ಕೂರಿಸಿ, ಪಿನ್ನು ತೂರಿಸಿ, ಎರಡೂ ಕಾಲು ಮಡಚಿದಳು. ಅಳಿಯ ಬಗ್ಗಿ ನೋಡಿ ತಲೆಯಾಡಿಸಿದ. ಅಷ್ಟರಲ್ಲಿ ರೈಲು ಹೋಗಿ ಗೇಟು ಏಳತೊಡಗಿತು. ಹಿಂದಿನವರು ಹಾರನ್ ಒತ್ತಿದರು. ಅವಳು ಅವಸರದಲ್ಲಿ ಮುಚ್ಚಳಕ್ಕೆ ಗ್ರೀಸು ಸವರಿದಳು. ಗ್ರೀಸಜ್ಜ ತಟ್ಟನೆ ಅವಳ ಮಣಿಕಟ್ಟು ಹಿಡಿದ.

"ಏನಪ್ಪಾ?"

ಅವನು ಕಣ್ಣಿನಲ್ಲೇ ಮುಚ್ಚಳ ತೋರಿಸಿದ. ಅವಳ ಹೆಬ್ಬೆರಳು ಮುಚ್ಚಳದೊಳಗೆ, ಗ್ರೀಸಿನ ಮೇಲೆ ಊರಿತ್ತು. ಅವಳು ಅದನ್ನು ಬೇರೆ ಯಾರದೋ ಬೆರಳನ್ನು ನೋಡುವಂತೆ ನೋಡಿದಳು.

ಹಾರನ್‌ಗಳು ಕೂಗುತ್ತಲೇ ಇದ್ದವು. ಅವಳು ಮುಚ್ಚಳವನ್ನು ನೆಲಕ್ಕಿಟ್ಟು, ಎರಡೂ ಮೊಣಕಾಲೂರಿ, ಈಗಷ್ಟೇ ತಾನೇ ಹಾಕಿದ್ದ ಪಿನ್ನು ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿದಳು. ಇತ್ತು. ಮತ್ತೊಮ್ಮೆ ಮುಟ್ಟಿದಳು.