ಮಾದಯ್ಯ ಬರುತ್ತಿದ್ದ ಮಂಗಳವಾರಗಳು

ಈ ಸಲ ಕಪಿಲೆ ತುಂಬಿ ಬಂದಾಗ ನೀರು ನಮ್ಮ ಬೀದಿಯ ತಿರುವಿನವರೆಗೆ ಬಂದು ಹಿಂದಕ್ಕೆ ಹೋಯಿತು. ನಂಜನಗೂಡಿನಲ್ಲಿ ನದಿಯ ಹತ್ತಿರ ಮನೆ ಮಾಡಿದವರಿಗೆ ಇದು ಹೊಸದಲ್ಲ. ಅಣೆಕಟ್ಟೆಯಿಂದ ನೀರು ಬಿಟ್ಟರು ಎಂಬ ಸುದ್ದಿ ಬಂದೊಡನೆ ಅಕ್ಕಿ ಮೂಟೆ, ಮನೆಪತ್ರ, ಹಾಸಿಗೆ ಎಲ್ಲ ಅಟ್ಟ ಹತ್ತುತ್ತವೆ. ನಮ್ಮ ಮನೆಯಲ್ಲಿ ಇವೆಲ್ಲಕ್ಕಿಂತ ಮೊದಲು ಹತ್ತುವುದು ನನ್ನ ಗ್ರಾಮಫೋನ್ ರೆಕಾರ್ಡುಗಳು. ಅಕ್ಕಿ ನೆನೆದರೆ ಪರವಾಗಿಲ್ಲ, ನಿಮ್ಮ ತಟ್ಟೆಗಳು ನೆನೆಯಬಾರದು ಎಂದು ನನ್ನ ಹೆಂಡತಿ ಪ್ರತಿ ಸಲವೂ ಹೇಳುತ್ತಾಳೆ. ಹೇಳುತ್ತಲೇ ಏಣಿ ಹಿಡಿದುಕೊಳ್ಳುತ್ತಾಳೆ.

ನೀರು ಇಳಿದ ಮೇಲೆ ಎಲ್ಲವನ್ನೂ ಮತ್ತೆ ಕೆಳಗಿಳಿಸಿ, ಹಿತ್ತಿಲ ಜಗಲಿಯ ಮೇಲೆ ಹರಡಿ, ಒದ್ದೆ ಬಟ್ಟೆಯಿಂದ ಬೂಷ್ಟು ಒರೆಸುತ್ತ ಕೂತಿದ್ದೆ. ಹಳೆಯ ರಟ್ಟಿಗೂ ನುಸಿಗುಳಿಗೆಗೂ ಸೇರಿ ಒಂದು ವಾಸನೆ ಇರುತ್ತದೆ, ಅದು ನನಗೆ ಅನ್ನದ ವಾಸನೆಯಷ್ಟೇ ಪರಿಚಿತ. ಆಗ ಒಂದು ರೆಕಾರ್ಡಿನ ಹೊದಿಕೆಯೊಳಗಿಂದ ಬಿದಿರಿನ ಸೀಳಿನಂಥ ಚೂರೊಂದು ತೊಡೆಯ ಮೇಲೆ ಬಿತ್ತು. ಹೆಬ್ಬೆರಳಿನಷ್ಟು ಉದ್ದ, ತುದಿ ತೆಳ್ಳಗೆ, ಒಂದು ಮೂಲೆ ಮುಕ್ಕಾಗಿತ್ತು. ಕ್ಲಾರಿನೆಟ್ಟಿನ ಬಾಯಿಗೆ ಕಟ್ಟುವ ರೀಡು ಅದು. ನನ್ನ ಬಳಿ ಕ್ಲಾರಿನೆಟ್ ಎಂದೂ ಇರಲಿಲ್ಲ. ನನ್ನ ಕೋಣೆಗೆ ಕ್ಲಾರಿನೆಟ್ ತಂದವರು ಒಬ್ಬರೇ. ಹೆಂಡತಿ ಏನದು ಎಂದಳು. ಏನೋ ಕಸ ಎಂದು ಅಂಗಿಯ ಜೇಬಿಗೆ ಹಾಕಿಕೊಂಡೆ.

ನಿಮಗೆ ಮಾದಯ್ಯನವರ ವಿಷಯ ಹೇಳಬೇಕಾದರೆ ಮೊದಲು ನನ್ನ ಹುಚ್ಚಿನ ವಿಷಯ ಹೇಳಬೇಕು. ಬ್ಯಾಂಕಿನ ಕೆಲಸಕ್ಕೆ ಸೇರಿದ ಹೊಸದರಲ್ಲಿ ನನ್ನನ್ನು ತಿ. ನರಸೀಪುರದ ಶಾಖೆಗೆ ಹಾಕಿದರು. ಮದುವೆ ಆಗಿರಲಿಲ್ಲ. ಗೊಬ್ಬರದ ಅಂಗಡಿಯ ಮೇಲೊಂದು ಕೋಣೆ, ಒಂದು ಚಾಪೆ, ಒಂದು ರೇಡಿಯೊ. ಶಾರ್ಟ್‌ವೇವ್‌ನಲ್ಲಿ ಮುಳ್ಳು ತಿರುಗಿಸುತ್ತಿದ್ದಾಗ ಒಂದು ದಿನ ಗೊರಗೊರ ಶಬ್ದದ ನಡುವೆ ಒಂದು ಟ್ರಂಪೆಟ್ ಕೇಳಿತು. ನಾಲ್ಕಾರು ಜನ ಸಂತೆಯಲ್ಲಿ ಒಬ್ಬರ ಮೇಲೊಬ್ಬರು ಬಿದ್ದು ಮಾತಾಡುತ್ತಿದ್ದಾರೆ, ಆದರೂ ಯಾರ ಮಾತೂ ಕಳೆದುಹೋಗುತ್ತಿಲ್ಲ ಎನ್ನಿಸಿತು. ಅದಕ್ಕೆ ಜಾಝ್ ಎನ್ನುತ್ತಾರೆ ಎಂದು ತಿಳಿದದ್ದು ಆಮೇಲೆ. ಬ್ಯಾಂಕಿನಲ್ಲಿ ಹೇಳಿದರೆ ನಮ್ಮ ಕ್ಯಾಶಿಯರು ಜಾಜಿ ಎಂದು ಕೇಳಿಸಿಕೊಂಡು, ಈ ವಯಸ್ಸಿಗೆ ಹೂವಿನ ಹುಚ್ಚು ಹಿಡಿದರೆ ಮನೆಯಲ್ಲಿ ಹೆಣ್ಣು ನೋಡಲು ಹೇಳಬೇಕು ಎಂದರು.

ಸಂಬಳ ಕೂಡಿಸಿ ಒಂದು ರೆಕಾರ್ಡ್ ಪ್ಲೇಯರ್ ಕೊಂಡೆ. ಭಾನುವಾರ ಮೈಸೂರಿಗೆ ಹೋಗಿ, ಮಾರ್ಕೆಟ್ಟಿನ ಹಿಂದೆ ಹಳೆಯ ಸಾಮಾನು ಹರಡಿಕೊಂಡು ಕೂರುತ್ತಿದ್ದವರ ಬಳಿ ರೆಕಾರ್ಡು ಹುಡುಕುತ್ತಿದ್ದೆ. ಯಾರು ದೊಡ್ಡವರು, ಯಾರು ಚಿಕ್ಕವರು ನನಗೇನು ಗೊತ್ತು? ಹೊದಿಕೆಯ ಮೇಲೆ ಟ್ರಂಪೆಟ್ಟಿನ ಚಿತ್ರ ಇದ್ದರೆ ಕೊಂಡೆ. ಹಾಗೆ ತಂದ ಒಂದನ್ನು ಆಸೆಯಿಂದ ಹಾಕಿದರೆ ಯಾವುದೋ ದೇಶದ ಪೊಲೀಸ್ ಕವಾಯತಿನ ವಾದ್ಯ. ಅದನ್ನೂ ಪೂರ್ತಿ ಕೇಳಿದೆ, ತಂದ ತಪ್ಪಿಗೆ. ಹೊದಿಕೆಯ ಹಿಂದಿನ ಇಂಗ್ಲಿಷ್ ಬರಹವನ್ನು ನಿಘಂಟು ಇಟ್ಟುಕೊಂಡು ಓದುತ್ತಿದ್ದೆ. ಒಂದೆರಡು ವರ್ಷದಲ್ಲಿ ನನಗೆ ಈ ಸಂಗೀತ ಅರ್ಥವಾಗುತ್ತದೆ ಎಂಬ ಜಂಬ ಬಂದಿತ್ತು.

ಆ ಜಂಬ ಇಳಿದದ್ದು ಬನ್ನೂರಿನಲ್ಲಿ, ನಮ್ಮ ಗುಮಾಸ್ತರೊಬ್ಬರ ಮದುವೆಯಲ್ಲಿ. ಮುಹೂರ್ತಕ್ಕೆ ಇನ್ನೂ ಹೊತ್ತಿತ್ತು. ಚಪ್ಪರದ ಹೊರಗೆ ಬ್ಯಾಂಡ್‌ಸೆಟ್ಟಿನವರು ಸಿನಿಮಾ ಹಾಡು ನುಡಿಸುತ್ತಿದ್ದರು. ಕೇಳುವವರು ಯಾರೂ ಇರಲಿಲ್ಲ. ಇದ್ದಕ್ಕಿದ್ದಂತೆ ಅವರಲ್ಲಿ ಕ್ಲಾರಿನೆಟ್ ಊದುತ್ತಿದ್ದವರು ಹಾಡು ಬಿಟ್ಟು ಪಕ್ಕದ ದಾರಿ ಹಿಡಿದರು. ಎಲ್ಲೆಲ್ಲೋ ಸುತ್ತಿ, ಬಿದ್ದೇಬಿಟ್ಟರು ಎನ್ನುವಾಗ ಸರಿಯಾಗಿ ಹಾಡಿನ ಬಾಗಿಲಿಗೇ ಬಂದು ನಿಂತರು. ನಾನು ಉಪ್ಪಿಟ್ಟಿನ ತಟ್ಟೆ ಹಿಡಿದವನು ಹಾಗೇ ಎದ್ದು ನಿಂತೆ. ನಲವತ್ತರ ಆಸುಪಾಸಿನ ಮನುಷ್ಯ, ಕೆಂಪು ಕೋಟಿನ ಭುಜಕ್ಕೆ ಹೊನ್ನಬಣ್ಣದ ಹುರಿ. ಅವರೇ ಮಾದಯ್ಯ. ಮಾತಾಡಿಸೋಣವೆಂದು ಕಾದೆ. ಪಂಕ್ತಿಗಳೆಲ್ಲ ಮುಗಿದು, ಎಲೆ ಎತ್ತಿದ ಮೇಲೆ ಅವರ ತಂಡಕ್ಕೆ ಹಿಂದುಗಡೆ ಊಟ ಬಡಿಸಿದರು. ಅಲ್ಲಿಯವರೆಗೆ ಕಾದು, ನನ್ನ ಕೋಣೆಗೆ ಬನ್ನಿ, ನಿಮಗೊಂದು ಸಂಗೀತ ಕೇಳಿಸಬೇಕು ಎಂದೆ. ಅವರು ನನ್ನನ್ನು ಅನುಮಾನದಿಂದ ನೋಡಿ, ಮಂಗಳವಾರ ಲಗ್ನ ಇರುವುದಿಲ್ಲ, ಅವತ್ತು ಬರಬಹುದು ಎಂದರು.

ಬಂದರು. ಕುರ್ಚಿ ಕೊಟ್ಟರೆ ಒಲ್ಲೆ ಎಂದು ಗೋಡೆಗೊರಗಿ ನೆಲದ ಮೇಲೆ ಕೂತರು. ಸಂಕೋಚವೆಂದು ನಾನು ಒತ್ತಾಯ ಮಾಡಿದೆ. ಕಾಲಿನಲ್ಲಿ ತಾಳ ಹಾಕಬೇಕಾದರೆ ನೆಲವೇ ಆಗಬೇಕು ಎಂದು ಅವರೇ ನನಗೆ ಸಮಾಧಾನ ಹೇಳಿದರು. ಕಣ್ಣು ಮುಚ್ಚಿ ಕೇಳುವಾಗ ಮೊಣಕಾಲ ಮೇಲೆ ಅವರ ಬೆರಳುಗಳು ಇಲ್ಲದ ತೂತುಗಳನ್ನು ಮುಚ್ಚಿ ತೆರೆಯುತ್ತಿದ್ದವು. ಆಮೇಲೆ ಪ್ರತಿ ಮಂಗಳವಾರ ಸಂಜೆ ಬರತೊಡಗಿದರು. ನಾನು ಬಹಳ ಹಗುರವಾದದ್ದು, ಉಲ್ಲಾಸದ್ದು ಎಂದು ತಿಳಿದಿದ್ದ ಒಂದು ಸ್ಯಾಕ್ಸಫೋನಿನ ರೆಕಾರ್ಡನ್ನು ಅರ್ಧ ಕೇಳುವಷ್ಟರಲ್ಲಿ, "ಇವ್ನಿಗೆ ಮೈಯಲ್ಲಿ ಸರಿ ಇಲ್ಲ ಕಣ್ಸಾ. ಉಸ್ರ ವಸಿವಸಿ ಕಡ ತಂದಂಗೆ ಊದ್ತಾವ್ನೆ," ಎಂದರು. ಹೊದಿಕೆ ತಿರುಗಿಸಿ ಓದಿದೆ. ಆ ಮನುಷ್ಯ ಅದನ್ನು ನುಡಿಸಿದ ಕೆಲವೇ ತಿಂಗಳಿಗೆ ತೀರಿಕೊಂಡಿದ್ದ.

ಇನ್ನೊಂದು ಸಲ, ಈ ಸಂಗೀತ ಹುಟ್ಟಿದ ಊರಿನಲ್ಲಿ ಶವಯಾತ್ರೆಗೆ ಬ್ಯಾಂಡು ಕರೆಸುತ್ತಿದ್ದರಂತೆ ಎಂದು ನಾನು ಓದಿದ್ದನ್ನು ಹೇಳಿದೆ. ಅಲ್ಲಿ ಅದನ್ನು ನುಡಿಸುತ್ತಿದ್ದವರು ಯಾರು ಎಂದು ಕೇಳಿದರು. ಒಂದು ಕಾಲಕ್ಕೆ ಗುಲಾಮರಾಗಿದ್ದ ಕಪ್ಪು ಜನ ಎಂದು ನನಗೆ ತಿಳಿದಷ್ಟು ಹೇಳಿದೆ. "ಎಣದ ಮುಂದೆ ಊದೋರು ಎಲ್ಲಾ ಕಡೆನೂ ನಮ್ಮಂತೋರೇ ಅನ್ನಿ," ಎಂದರು. ನಾನು ರೆಕಾರ್ಡು ಮಗುಚಿ ಹಾಕಿದೆ.

ಒಂದು ಮಂಗಳವಾರ ಅವರು ಕ್ಲಾರಿನೆಟ್ಟನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಬಂದರು. ಅವರ ತಾಯಿ ಗದ್ದೆಯಲ್ಲಿ ನಾಟಿ ಮಾಡುವಾಗ ಹಾಡುತ್ತಿದ್ದ ಪದವೊಂದಿತ್ತು. ಅದನ್ನು ಈ ರೆಕಾರ್ಡಿನವರಂತೆ ಬಿಡಿಸಿ ನೋಡಿದ್ದೇನೆ, ಕೇಳುತ್ತೀರಾ ಎಂದರು. ನನ್ನ ಬಳಿ ರೇಡಿಯೊದಿಂದ ಹಿಡಿದುಕೊಳ್ಳಲೆಂದು ಕೊಂಡ ಟೇಪ್‌ರೆಕಾರ್ಡರ್ ಇತ್ತು, ಒಂದು ಖಾಲಿ ಕ್ಯಾಸೆಟ್ ಹಾಕಿದೆ. ಮುಕ್ಕಾದ ರೀಡು ಬಿಚ್ಚಿ ರೆಕಾರ್ಡುಗಳ ಮೇಲಿಟ್ಟು, ಬೇರೆಯದು ಕಟ್ಟಿ ಅರ್ಧ ಗಂಟೆ ನುಡಿಸಿದರು. ಬಾಗಿ ಬಾಗಿ ಹಿಂದಕ್ಕೆ ಹೆಜ್ಜೆ ಇಡುವ ಹೆಂಗಸರ ಸಾಲು, ಕೆಸರು, ನಡುನೋವು ಎಲ್ಲ ಅದರಲ್ಲಿತ್ತು ಎಂದು ಈಗ ಬರೆಯಬಲ್ಲೆ. ಆಗ ಬರೀ ಬೆರಗಾಗಿ ಕೂತಿದ್ದೆ. ಕ್ಯಾಸೆಟ್ಟನ್ನು ಹಿಂದಕ್ಕೆ ತಿರುಗಿಸಿ ಹಾಕಿದಾಗ ತಮ್ಮ ವಾದ್ಯವನ್ನು ತಾವೇ ಬೇರೆ ಯಾರದ್ದೋ ಎಂಬಂತೆ ಕೇಳಿದರು.

"ಮಡಗಿರಿ ಸಾ ಇದ. ನಮ್ಮ ಮಗ್ಳು ರತ್ನ ದೊಡ್ಡವ್ಳಾದ್ಮೇಲೆ ಕೇಳ್ಲಿ. ಅವ್ಳು ನನ್ನ ನೋಡಿರಾದು ಕೋಟು ಬಿಚ್ಚಾಕಿ ಮಲ್ಗೋದ ಮಾತ್ರ."

ನಾನು ಕ್ಯಾಸೆಟ್ಟಿನ ಚೀಟಿಯ ಮೇಲೆ ಕನ್ನಡದಲ್ಲಿ "ಮಾದಯ್ಯ, ನಾಟಿ ಪದ" ಎಂದು ಬರೆದು ಎತ್ತಿಟ್ಟೆ.

ಎರಡು ತಿಂಗಳ ಬಳಿಕ, ಒಂದು ಭಾನುವಾರ ಬೆಳಿಗ್ಗೆ ರೇಡಿಯೊದವರು ಅಪರೂಪದ ಒಂದು ಕಛೇರಿಯನ್ನು ಇನ್ನೇನು ಹಾಕುತ್ತೇವೆ ಎಂದರು. ನಾನು ವರ್ಷದಿಂದ ಹುಡುಕುತ್ತಿದ್ದ ಟ್ರಂಪೆಟ್ ವಾದಕನದು. ಕೋಣೆಯಲ್ಲಿ ಖಾಲಿ ಕ್ಯಾಸೆಟ್ ಇರಲಿಲ್ಲ, ಅಂಗಡಿಗಳು ತೆರೆದಿರಲಿಲ್ಲ. ಇದ್ದ ಹತ್ತೆಂಟು ಕ್ಯಾಸೆಟ್ಟುಗಳ ಮೇಲೆ ಕೈಯಾಡಿಸಿದೆ. ಎಲ್ಲದರಲ್ಲೂ ದೂರದವರು, ಸತ್ತವರು, ಮತ್ತೆ ಸಿಗದವರು. ಮಾದಯ್ಯ ಇಲ್ಲೇ ಇದ್ದಾರೆ, ನಾಡಿದ್ದು ಮಂಗಳವಾರ ಬರುತ್ತಾರೆ, ಇನ್ನೊಮ್ಮೆ ನುಡಿಸೆಂದರೆ ನುಡಿಸುತ್ತಾರೆ ಎಂದುಕೊಂಡೆ. ಗುಂಡಿ ಒತ್ತಿದೆ. ಆಮೇಲೆ ಚೀಟಿಯ ಮೇಲಿನ ಹೆಸರಿಗೆ ಗೀಟು ಹಾಕಿ ಮೇಲೆ ಇಂಗ್ಲಿಷಿನಲ್ಲಿ ಬರೆದೆ. ಅವತ್ತು ನನಗೆ ಬೇಸರವೇನೂ ಆಗಲಿಲ್ಲ, ಅದನ್ನೂ ಹೇಳಿಬಿಡಬೇಕು. ದಿನವಿಡೀ ಖುಷಿಯಾಗಿದ್ದೆ.

ಇನ್ನೊಮ್ಮೆ ನುಡಿಸಿ ಎಂದು ಕೇಳಲು ಹೋದರೆ ಮೊದಲಿನದು ಏನಾಯಿತೆಂದು ಹೇಳಬೇಕಾಗುತ್ತದೆ. ಹಾಗಾಗಿ ಒಂದು ಮಂಗಳವಾರ ಮುಂದೂಡಿದೆ, ಇನ್ನೊಂದು ಮುಂದೂಡಿದೆ. ಅಷ್ಟರಲ್ಲಿ ಮುಡುಕುತೊರೆಯ ಕಡೆ ಮದುವೆ ಮುಗಿಸಿ ಬರುವಾಗ ಬ್ಯಾಂಡಿನವರ ಟೆಂಪೊ ನಾಲೆಯ ಏರಿಯಿಂದ ಮಗುಚಿಕೊಂಡಿತು. ಯಾರ ಜೀವಕ್ಕೂ ಏನೂ ಆಗಲಿಲ್ಲ. ಮಾದಯ್ಯನವರ ಮುಖ ದೊಡ್ಡ ಡೋಲಿನ ಕಬ್ಬಿಣದ ಅಂಚಿಗೆ ಬಡಿದು ಮೇಲಿನ ನಾಲ್ಕು ಹಲ್ಲು ಹೋದವು, ತುಟಿಗೆ ಹೊಲಿಗೆ ಬಿತ್ತು. ಕಟ್ಟಿಸಿದ ಹಲ್ಲಿನಲ್ಲಿ ಅನ್ನ ತಿನ್ನಬಹುದಿತ್ತು, ಊದಲು ಆಗುತ್ತಿರಲಿಲ್ಲ. ಉಸಿರೆಲ್ಲ ಪಕ್ಕದಲ್ಲಿ ಸೋರಿಹೋಗುತ್ತಿತ್ತು. ಆರು ತಿಂಗಳ ಮೇಲೆ ಸಂತೆಬೀದಿಯಲ್ಲಿ ಒಂದು ಮೆರವಣಿಗೆ ಹೋಗುವಾಗ ನೋಡಿದೆ. ಅದೇ ಕೆಂಪು ಕೋಟಿನಲ್ಲಿ, ತಂಡದ ಕಟ್ಟಕಡೆಯಲ್ಲಿ, ಗಿಲಕಿ ಆಡಿಸುತ್ತ ನಡೆಯುತ್ತಿದ್ದರು.

ಆ ವಾರ ಕೋಣೆಗೆ ಬಂದವರು ರೆಕಾರ್ಡು ಬೇಡ, ಆ ಕ್ಯಾಸೆಟ್ಟನ್ನು ವಸಿ ಹಾಕಿ ಎಂದರು. ಟೇಪ್‌ರೆಕಾರ್ಡರ್ ಕೆಟ್ಟಿದೆ ಎಂದೆ. ಮುಂದಿನ ವಾರ ಕೇಳಿದರು. ಮೈಸೂರಿನಲ್ಲಿ ರಿಪೇರಿಗೆ ಕೊಟ್ಟಿದ್ದೇನೆ ಎಂದೆ, ಅದು ಟ್ರಂಕಿನೊಳಗೆ ಇತ್ತು. ಮೂರನೆಯ ವಾರ ನಾನು ಎದುರಿನ ಹೋಟೆಲಿನಿಂದ ಕಾಫಿ ತರಲು ಹೋಗಿ ಬರುವಷ್ಟರಲ್ಲಿ ಅವರು ಕಿಟಕಿಯ ಹತ್ತಿರ ನಿಂತಿದ್ದರು. ಅಂದಿನಿಂದ ಕ್ಯಾಸೆಟ್ಟಿನ ಮಾತೇ ಎತ್ತಲಿಲ್ಲ. ಮರೆತರು ಎಂದು ನನ್ನ ಮನಸ್ಸು ಹಗುರಾಯಿತು. ಬರುವುದನ್ನು ಮಾತ್ರ ಬಿಡಲಿಲ್ಲ. ವರ್ಷದ ಮೇಲೆ ನನಗೆ ವರ್ಗವಾಗುವವರೆಗೂ ಮಂಗಳವಾರ ಬಂದು ನೆಲದ ಮೇಲೆ ಕೂತು ಕೇಳಿಕೊಂಡು ಹೋಗುತ್ತಿದ್ದರು. ಬೆರಳು ಆಡಿಸುತ್ತಿರಲಿಲ್ಲ. ಅವರು ತೀರಿಕೊಂಡ ಸುದ್ದಿ, ಎಷ್ಟೋ ವರ್ಷದ ಮೇಲೆ, ಉತ್ತರ ಕರ್ನಾಟಕದ ಒಂದು ಶಾಖೆಯಲ್ಲಿದ್ದಾಗ ಹಳೆಯ ಸಹೋದ್ಯೋಗಿಯ ಕಾಗದದಲ್ಲಿ ಬಂತು. ಕೊನೆಯ ಸಾಲಿನಲ್ಲಿ ಬರೆದಿದ್ದರು.

ರತ್ನ ಈಗ ನರಸೀಪುರದಲ್ಲೇ ನರ್ಸಾಗಿದ್ದಾಳೆ ಎಂದು ಗೊತ್ತಿತ್ತು. ನಿವೃತ್ತನಾಗಿ ನಂಜನಗೂಡಿಗೆ ಬಂದು ಇಷ್ಟು ವರ್ಷವಾದರೂ, ಬಸ್ಸಿನಲ್ಲಿ ಒಂದು ಗಂಟೆಯ ದಾರಿ, ನಾನು ಹೋಗಿರಲಿಲ್ಲ. ರೀಡು ಸಿಕ್ಕ ವಾರ ಹೋದೆ. ಗದ್ದೆಗಳಲ್ಲಿ ನೀರು ನಿಂತಿತ್ತು, ದಾರಿಯುದ್ದಕ್ಕೂ ಏನು ಹೇಳಬೇಕೆಂದು ಜೋಡಿಸಿಕೊಳ್ಳುತ್ತ ಕೂತಿದ್ದೆ. ಐವತ್ತರ ಹತ್ತಿರದ ಹೆಂಗಸು ಬಾಗಿಲು ತೆಗೆದಳು. ಗೋಡೆಯ ಮೇಲೆ ಬುದ್ಧನ ಪಟ, ಅದರ ಪಕ್ಕದಲ್ಲಿ ಕೋಟು ತೊಟ್ಟ ಮಾದಯ್ಯ. ಹೆಸರು ಹೇಳಿದೆ. ಅವಳಿಗೆ ನನ್ನ ಹೆಸರು ಗೊತ್ತಿತ್ತು. ಕಾಫಿ ಕೊಟ್ಟಳು. ಜೋಡಿಸಿಕೊಂಡದ್ದೆಲ್ಲ ಮರೆತು, ನಿಮ್ಮ ತಂದೆ ನಿನಗೆಂದು ನುಡಿಸಿಟ್ಟದ್ದನ್ನು ನಾನು ಅಳಿಸಿಬಿಟ್ಟೆ ಎಂದು ನೇರವಾಗಿ ಹೇಳಿದೆ.

ರತ್ನ ಲೋಟ ಕೆಳಗಿಟ್ಟಳು. ಗೊತ್ತು ಎಂದಳು. ಅಪ್ಪ ನಾಲ್ಕನೇ ಕ್ಲಾಸಿನವರೆಗೆ ಓದಿದ್ದರು, ಕನ್ನಡ ಅಕ್ಷರ ಕೂಡಿಸಿ ಓದುತ್ತಿದ್ದರು. ನೀವು ಕಾಫಿ ತರಲು ಹೋದಾಗ ಕಿಟಕಿಯ ಮೇಲಿನ ಕ್ಯಾಸೆಟ್ಟುಗಳನ್ನು ನೋಡಿದರಂತೆ, ತಮ್ಮ ಹೆಸರಿನ ಮೇಲೆ ಗೀಟು ಇತ್ತಂತೆ. ಇದನ್ನೆಲ್ಲ ಅವಳು ಯಾರದೋ ಮನೆಯ ವಿಷಯದಂತೆ ಹೇಳಿದಳು.

"ಗೊತ್ತಿದ್ದೂ ಬರುತ್ತಿದ್ದರಲ್ಲಮ್ಮ," ಎಂದೆ.

"ನೀವೇ ಬಾಯ್ಬುಟ್ಟು ಏಳ್ತೀರಿ ಅಂತ ಬತ್ತಿದ್ರು ಸಾರ್. ಪ್ರತಿ ವಾರ ಬಂದು ಅವ್ವಂಗೆ ಅಂತಿದ್ರು, ಇವತ್ತೂ ಏಳ್ನಿಲ್ಲ ಕಣಮ್ಮಿ, ಪಾಪ ನಾಚ್ಕೆ ಇರ್ಬೇಕು, ಮುಂದಿನ್ವಾರ ಏಳ್ತಾರೆ ಅಂತ."

ಅವಳು ಸಮಾಧಾನ ಹೇಳಲಿಲ್ಲ, ಬಯ್ಯಲೂ ಇಲ್ಲ. ನೀವು ಅದನ್ನು ಕೇಳಿದ್ದೀರಲ್ಲ, ಹೇಗಿತ್ತು ಎಂದು ಕೇಳಿದಳು. ಅಜ್ಜಿಯ ಪದ ಅವಳಿಗೆ ಗೊತ್ತಿರಲಿಲ್ಲ, ಅಜ್ಜಿ ಅವಳು ಹುಟ್ಟುವ ಮೊದಲೇ ಹೋಗಿದ್ದರು. ಒಂದು ಸಾಲಾದರೂ ಗುನುಗಿ ಎಂದಳು.

ನನ್ನ ಗಂಟಲು ಸಂಗೀತಕ್ಕೆ ಬಂದದ್ದಲ್ಲ. ಆದರೂ ಕಣ್ಣು ಮುಚ್ಚಿದೆ, ಬಾಯಿ ತೆರೆದೆ. ಒಂದು ಸಾಲು ಬಂತು, ಅದರ ಬೆನ್ನಿಗೆ ಎರಡನೆಯದು, ಎಲ್ಲೂ ತಡೆಯದೆ ಬಂತು. ಕಣ್ಣು ಬಿಟ್ಟಾಗ ರತ್ನ ಸೆರಗಿನ ತುದಿ ಹಿಡಿದು, ಮುಂದಕ್ಕೆ ಬಾಗಿ, ಉಸಿರು ಬಿಗಿಹಿಡಿದು ಕೇಳುತ್ತಿದ್ದಳು. ಆಗ ನನಗೆ ತಿಳಿಯಿತು. ನಾನು ಗುನುಗುತ್ತಿದ್ದದ್ದು ಆ ಭಾನುವಾರದ ಟ್ರಂಪೆಟ್ಟನ್ನು. ಮಾದಯ್ಯನವರ ಪದ ಕೇಳಿದ್ದು ಎರಡೇ ಸಲ, ಅದರ ಮೇಲೆ ಹಿಡಿದದ್ದನ್ನು ನೂರು ಸಲ ಕೇಳಿದ್ದೆ.

"ಇಂಗಿತ್ತಾ ಸಾರ್?" ಎಂದಳು. ಅವಳ ಕಣ್ಣು ತುಂಬಿತ್ತು.

ಹೌದು ಎಂದುಬಿಡಬಹುದಿತ್ತು. ಅವಳಿಗೆ ಒಂದು ಪದ ಸಿಗುತ್ತಿತ್ತು, ನನಗೂ ಎದ್ದು ಬರಲು ದಾರಿಯಾಗುತ್ತಿತ್ತು. "ಅಲ್ಲ ಕಣಮ್ಮ. ಇದು ನಿಮ್ಮಪ್ಪನದಲ್ಲ. ಅವರದು ನನಗೆ ನೆನಪಿಲ್ಲ," ಎಂದೆ.

ರತ್ನ ಗೋಡೆಯ ಮೇಲಿನ ಪಟದ ಕಡೆ ನೋಡಿದಳು. ಆಮೇಲೆ ಕಣ್ಣೊರೆಸಿಕೊಂಡು, ಡ್ಯೂಟಿಗೆ ಹೊತ್ತಾಯಿತು, ನೆನಪಾದರೆ ಬನ್ನಿ ಎಂದಳು. ಬಸ್‌ಸ್ಟ್ಯಾಂಡಿನವರೆಗೂ ಜೊತೆಗೆ ನಡೆದು ಬಂದಳು.

ನಾನೀಗ ರೆಕಾರ್ಡು ಹಾಕುವುದಿಲ್ಲ. ಹೆಂಡತಿ ಮೈ ಸರಿಯಿಲ್ಲವೇ ಎಂದು ಕೇಳುತ್ತಾಳೆ. ಬೆಳಿಗ್ಗೆ ಜಗಲಿಯ ಮೇಲೆ ಸುಮ್ಮನೆ ಕೂರುತ್ತೇನೆ. ಮನೆ ಇಷ್ಟು ನಿಶ್ಶಬ್ದವಾಗಿದ್ದರೆ ಒಳಗೆಲ್ಲೋ ಅಡಗಿರುವ ಆ ಪದ ಧೈರ್ಯ ಮಾಡಿ ಹೊರಗೆ ಬಂದೀತು ಎಂದು ಆಸೆ. ಟ್ರಂಪೆಟ್ಟು ಬರುತ್ತದೆ, ಅದನ್ನು ಪಕ್ಕಕ್ಕೆ ಸರಿಸಿ ಮತ್ತೆ ಕಾಯುತ್ತೇನೆ. ಮೊನ್ನೆ ಒಂದು ಗಳಿಗೆ ಮಾದಯ್ಯನವರು ಊದುವ ಮೊದಲು ಎಳೆದುಕೊಂಡ ಉಸಿರು ಸ್ಪಷ್ಟವಾಗಿ ಕೇಳಿಸಿತು. ಅದರ ಮುಂದಿನದು ಇನ್ನೂ ಬಂದಿಲ್ಲ.