ದೇವಘಾಟಿನಲ್ಲಿ ಕಳೆದ ಕರಡಿಗೆ

ಇದನ್ನು ಹೇಳಬೇಕೆಂದುಕೊಂಡು ಆರು ವರ್ಷ ಮುಂದೂಡಿದ್ದೇನೆ. ನಗೆಪಾಟಲಾಗಬೇಕಾದವನು ನಾನು; ಆದದ್ದು ಬೇರೆಯವರು.

ಉಮದಿ ಕಡೆಯ ಇಪ್ಪತ್ತು ಮಂದಿ ನೇಪಾಳಕ್ಕೆ ಯಾತ್ರೆ ಹೋಗಿದ್ದೆವು. ಪಶುಪತಿನಾಥನ ದರ್ಶನ ಮುಗಿಸಿ, ಮರುದಿನ ಎರಡು ಹೊಳೆ ಕೂಡುವ ದೇವಘಾಟಿಗೆ ಬಂದೆವು. ಸೆಳವು ಜೋರಿತ್ತು. ಕೊರಳಲ್ಲಿದ್ದ ಬೆಳ್ಳಿಯ ಕರಡಿಗೆ ದಾರ ಹರಿದು ಹೋದೀತೆಂದು ಹೆದರಿ, ಒಳಗಿನ ಇಷ್ಟಲಿಂಗದ ಸಮೇತ ಬಿಚ್ಚಿ, ದಡದಲ್ಲಿ ಕೂತಿದ್ದ ಅಕ್ಕನ ಕೈಗೆ ಕೊಟ್ಟೆ. ಕೊಟ್ಟೆನೆಂದೇ ನಂಬಿದ್ದೆ. ಮೈಮೇಲಿನ ಲಿಂಗ ತೆಗೆಯಬಾರದು. ಕಳೆದರೆ ಸ್ವಾಮಿಗಳು ಮತ್ತೊಂದು ಕಟ್ಟುವ ತನಕ ನಾವು ಅನ್ನ, ನೀರು ಮುಟ್ಟುವಂತಿಲ್ಲ.

ಮಿಂದು ಬಂದು ಕೈ ಚಾಚಿದರೆ ಅಕ್ಕ ಸೆರಗಿನ ಗಂಟು ಬಿಚ್ಚಿ ನನ್ನ ಸುಣ್ಣದ ಡಬ್ಬಿ ಕೊಟ್ಟಳು.

“ಲಿಂಗ ಎಲ್ಲಿ?”

“ನೀ ಕೊಟ್ಟಿದ್ದು ಇದ ನೋಡಪಾ.”

“ಕಳದಿ ಅನ್ನು! ಒಂದು ವಸ್ತು ಹಿಡಕೊಂಡು ಕುಂದ್ರಾಕ ಬರಂಗಿಲ್ಲ ನಿನಗ?”

ಎಲ್ಲರೂ ಮರಳು ಕೆದಕಿದರು. ಜೊತೆಗಿದ್ದ ಮಾಡಗ್ಯಾಳದ ಕುರಿ ವ್ಯಾಪಾರಿ, “ಏನ್ರಿ ಅಕ್ಕಾರ, ಪಶುಪತಿ ನೋಡಾಕ ಬಂದು ತಮ್ಮನ ಶಿವನ್ನ ಹೊಳಿಗಿ ಬಿಟ್ರ್ಯಾ?” ಎಂದ. ಎಲ್ಲರೂ ನಕ್ಕರು. ಅಕ್ಕ ಮೊಣಕಾಲುದ್ದ ನೀರಿನಲ್ಲಿ ಕೈಯಾಡಿಸುತ್ತಲೇ ಇದ್ದಳು. ಮಧ್ಯಾಹ್ನ ನಾನು ಉಣ್ಣಲಿಲ್ಲ. ಅವಳೂ ತುತ್ತು ಮುಟ್ಟಲಿಲ್ಲ. ಊರು ಇನ್ನೂ ನಾಲ್ಕು ದಿನದ ದಾರಿ.

ಸಂಜೆ ಬಸ್ಸಿನಲ್ಲಿ, ಮೀಯುವಾಗ ಬಿಚ್ಚಿಟ್ಟಿದ್ದ ಕೋಟನ್ನು ಚಳಿಗೆಂದು ತೊಟ್ಟಾಗ ಒಳಕಿಸೆಯಲ್ಲಿ ಕರಡಿಗೆ ಕೈಗೆ ತಾಗಿತು. ಗಡಿಬಿಡಿಯಲ್ಲಿ ಸುಣ್ಣದ ಡಬ್ಬಿ ಅಕ್ಕನಿಗೆ ಕೊಟ್ಟು, ಇದನ್ನು ನಾನೇ ಇಟ್ಟುಕೊಂಡಿದ್ದೆ. ಕಣ್ಣಿಗೊತ್ತಿಕೊಂಡೆ, ಹೋದ ಜೀವ ಬಂದಂತಾಯಿತು. ಅದೇ ಉಸಿರಿನಲ್ಲಿ ಸುಳ್ಳೂ ಬಂತು: “ಸಿಕ್ತು ನೋಡ್ರೆಪಾ, ಅಕ್ಕನ ಚೀಲದಾಗ ಇತ್ತು!”

ಅಕ್ಕ ದಿನವಿಡೀ ತನ್ನ ಹೆಗಲಲ್ಲೇ ಇದ್ದ ಚೀಲವನ್ನು ನೋಡಿದಳು. ಆಮೇಲೆ ನನ್ನ ಕೋಟನ್ನು ನೋಡಿದಳು.

“ಸಿಕ್ತಲ್ಲ ತಮ್ಮಾ. ಲಗೂನ ಕಟ್ಕೊ, ಉಣ್ಣೂನು.”

ಊರಿಗೆ ಬಂದ ಮೇಲೆ ಮಂದಿಯ ಬಾಯಲ್ಲಿ ಅವಳು ತಮ್ಮನ ಲಿಂಗ ಕಳೆದವಳಾದಳು. ಮದುವೆಮನೆಗಳಲ್ಲಿ ಒಡವೆ ಕಾಯಲು ಅವಳನ್ನೇ ಕೂರಿಸುತ್ತಿದ್ದರು, ಅದೂ ನಿಂತಿತು. ಅವಳು ಒಮ್ಮೆಯೂ ಬಾಯಿ ಬಿಡಲಿಲ್ಲ.

ಹೋದ ಸೋಮವಾರ ಮಠದಲ್ಲಿ ಆ ಯಾತ್ರೆಯವರನ್ನೆಲ್ಲ ಕರೆದು, ಸ್ವಾಮಿಗಳ ಮುಂದೆ ನಿಜ ಹೇಳಿಬಿಟ್ಟೆ.

“ಎಂಥಾ ಮನಶ್ಯಾರಿ ನೀವು! ಇಷ್ಟ ವರ್ಷ ಸುಮ್ಮನ ಅಕ್ಕಾರನ್ನ ನಗ್ಯಾಡಿದ್ವಲ್ರಿ,” ಎಂದು ಕುರಿ ವ್ಯಾಪಾರಿ ಬೈದ. ಬೈಸಿಕೊಂಡದ್ದೂ ಹಿತವಾಗಿಯೇ ಇತ್ತು. ಅವತ್ತಿನಿಂದ ಮೈ ಹಗುರಾಗಿದೆ, ಊಟ ರುಚಿಸುತ್ತಿದೆ. ಸ್ವಾಮಿಗಳ ಕಾಲಿಗೆ ಬಿದ್ದೆ, ಎಲ್ಲರಿಗೂ ಕೈ ಮುಗಿದೆ. ತಪ್ಪಾಯಿತು ಎಂದು ಇನ್ನೂ ಹೇಳದೆ ಉಳಿದಿರುವುದು, ಅವತ್ತು ಮಠಕ್ಕೆ ನಾನು ಕರೆಯದೇ ಬಿಟ್ಟ, ಸೊರಡಿ ಊರಿನಲ್ಲಿರುವ ಒಬ್ಬಳಿಗೇ, ನನ್ನ ಅಕ್ಕನಿಗೆ.