ಯಾರೂ ಒತ್ತದ ಹಸಿರು ಗುಂಡಿ

ತಾಂಪೆರೆ ನಗರದ ನಮ್ಮ ಕಟ್ಟಡದ ಸೌನಾ, ಅಂದರೆ ಬಿಸಿ ಆವಿಯಲ್ಲಿ ಕೂತು ಬೆವರುವ ಕೋಣೆ, ಇರುವುದು ನೆಲಮಾಳಿಗೆಯಲ್ಲಿ. ಪ್ರತಿ ಮನೆಗೂ ವಾರಕ್ಕೊಂದು ಗಂಟೆಯ ಪಾಳಿ. ಗುರುವಾರ ಸಂಜೆ ಏಳರ ಪಾಳಿ ಓಯ್ವಾ ಅವರದು. ಕಾಗದದ ಕಾರ್ಖಾನೆಯಿಂದ ನಿವೃತ್ತರಾದವರು. ಹೆಗಲಿಗೆ ಟವೆಲ್ ಹಾಕಿಕೊಂಡು ಅವರು ಮೆಟ್ಟಿಲಿಳಿಯುವ ಸದ್ದು ಕೇಳಿದರೆ ನಾನು ಮಗಳು ವಿಲ್ಯಾಳ ಗಂಜಿಯನ್ನು ಒಲೆಯ ಮೇಲಿಡುತ್ತಿದ್ದೆ. ಈ ಚಳಿಗಾಲ ಆ ಸದ್ದು ನಿಂತುಹೋಯಿತು.

ನಾನು ಬರೆಯಹೊರಟಿರುವುದು ಮೂರನೇ ಮಹಡಿಯ ಮಾರೆತ್ ಬಗ್ಗೆ. ಫೋನಿನ ಪರದೆಯಲ್ಲಿ ಯಾವ ಗುಂಡಿ ಎಲ್ಲಿರಬೇಕು ಎಂದು ಯೋಚಿಸುವುದೇ ಅವಳ ಉದ್ಯೋಗ. ಈ ಚಳಿಗಾಲದ ಆರಂಭದಲ್ಲಿ ಬಂದ ಸೌನಾ ಪಾಳಿಯ ಆ್ಯಪ್ ಕೂಡ ಅವಳು ಮಾಡಿಕೊಟ್ಟದ್ದೇ. ಒಂದು ಮಧ್ಯಾಹ್ನ ಮೆಟ್ಟಿಲ ಮೇಲೆ ಸಿಕ್ಕಾಗ ಅವಳ ಮುಖ ಬಿಳಿಚಿಕೊಂಡಿತ್ತು.

"ಸೌನಾ ಮುಚ್ತಾರಂತೆ ಕಣೇ. ವಸಂತದ ಸಭೇಲಿ ತೀರ್ಮಾನವಂತೆ. ನನ್ನ ಆ್ಯಪ್ ನೋಡಿದ್ರೆ ಯಾರೂ ಬರ್ತಾನೇ ಇಲ್ಲ. ಸೈಕಲ್ ಇಡೋ ಕೋಣೆ ಮಾಡ್ತಾರಂತೆ."

"ಜನಕ್ಕೆ ಬೇಡವಾಗಿದೆಯೇನೋ."

"ಬೇಡ ಅಂತ ಯಾರಾದ್ರೂ ಹೇಳಿದ್ರಾ?"

"ನಮ್ಮೋರು ಯಾವತ್ತು ಏನು ಹೇಳಿದಾರೆ ಹೇಳು!"

ಅದಕ್ಕೇ ಇರಬೇಕು, ಅವಳು ಯಾರನ್ನೂ ಪ್ರಶ್ನೆ ಕೇಳಲಿಲ್ಲ. ಫ್ಲಾಸ್ಕಿನಲ್ಲಿ ಕಾಫಿ ತುಂಬಿಕೊಂಡು ಸೌನಾದ ಬಟ್ಟೆ ಬದಲಿಸುವ ಕೋಣೆಯಲ್ಲಿ ಕೂತಳು. ಕಾಫಿಗೆಂದು ಕರೆದ ನೆರೆಯವರ ಕೈಗೆ ಫೋನ್ ಕೊಟ್ಟು, "ನಿಮ್ಮ ಪಾಳಿ ಹುಡುಕಿ" ಎಂದು ಸುಮ್ಮನಾಗುವಳು. ಬೆರಳು ಎಲ್ಲಿ ತಡೆಯುತ್ತದೆ, ಎಲ್ಲಿ ಹಿಂದೆ ಸರಿಯುತ್ತದೆ ಎಂದು ನೋಡುವುದಷ್ಟೇ ಅವಳ ಕೆಲಸ. ವಿಲ್ಯಾಳನ್ನು ಎತ್ತಿಕೊಂಡು ನಾನೂ ಕೆಲವೊಮ್ಮೆ ಜೊತೆಗೆ ಕೂರುತ್ತಿದ್ದೆ. ಸಣ್ಣ ಕಿಟಕಿಯಾಚೆ ಹಿಮ ನೀಲಿಯಾಗುತ್ತಿತ್ತು. ಬಾಗಿಲ ಸಂದಿನಿಂದ ಬೆಚ್ಚನೆಯ ಮರದ ವಾಸನೆ. ಒಳಗೆ ಪ್ರತಿ ಸಂಜೆ ತಾನಾಗಿ ಹೊತ್ತುವ ಒಲೆಯ ಮೇಲೆ ಕಲ್ಲುಗಳು ಕಾದು ನಿಟ್ಟುಸಿರು ಬಿಡುತ್ತಿದ್ದವು. ಅಲ್ಲಿ ಕೂತರೆ ಎಚ್ಚರವೂ ಅಲ್ಲ, ನಿದ್ದೆಯೂ ಅಲ್ಲ. ಮಗು ನನ್ನ ಎದೆಗೊರಗಿ, ಕಣ್ಣು ಅರೆಬಿಟ್ಟುಕೊಂಡು ತೇಲುತ್ತಿತ್ತು.

ಗುರುವಾರ ಓಯ್ವಾ ಅವರನ್ನು ಕರೆಯಲು ಮಾರೆತ್ ನನ್ನನ್ನೇ ಕಳಿಸಿದಳು. ಮಗುವಿನ ಮುಖ ನೋಡಿ ಅವರು ಇಲ್ಲವೆನ್ನಲಿಲ್ಲ.

ಅವರು ಫೋನನ್ನು ದೂರ ಹಿಡಿದು ನೋಡಿದರು. ಗುರುವಾರ ಏಳು ಗಂಟೆ ಹಸಿರಾಗಿತ್ತು. ಮೇಲೆ 'ಖಾಲಿ' ಎಂದಿತ್ತು. ಅವರ ಹೆಬ್ಬೆರಳು ಅಲ್ಲಿಗೆ ಹೋಯಿತು, ನಿಂತಿತು, ಮಡಚಿಕೊಂಡಿತು. 'ಒತ್ತಿ' ಎನ್ನಲು ನಾನು ಬಾಯಿ ತೆರೆದೆ. ಮಾರೆತ್ ನನ್ನ ಕಾಲು ತುಳಿದಳು.

ಫೋನನ್ನು ಹಿಂದಿರುಗಿಸುತ್ತ ಅವರೇ ಮಾತಾಡಿದರು. "ಮನೇಲೂ ನೋಡಿದೀನಿ. ನನ್ನ ಹೆಸರು ತೆಗೆದು ಖಾಲಿ ಮಾಡಿದೀರಿ. ಇರ್ಲಿ ಬಿಡಿ, ಮಕ್ಕಳಿರೋರಿಗೆ ಬೇಕಾಗತ್ತೆ."

"ಅಯ್ಯೋ, ಅದು ನಿಮ್ದೇ ಓಯ್ವಾ! ಬರ್ತೀನಿ ಅಂತ ಪ್ರತಿ ವಾರ ಒಂದ್ಸಲ ಒತ್ತಬೇಕಿತ್ತು, ಅಷ್ಟೇ," ಎಂದಳು ಮಾರೆತ್.

"ನನ್ದೇ ಆದ್ರೆ ಪ್ರತಿ ವಾರ ಯಾಕಮ್ಮ ಕೇಳ್ಕೋಬೇಕು?"

ಮಾರೆತ್ ನನ್ನತ್ತ ತಿರುಗಿದಳು. "ಸರಿ, ನಿನಗೂ ಹಸಿರು ಕಾಣ್ತಿತ್ತಲ್ಲ. ನೀನ್ಯಾಕೆ ತಗೊಳ್ಳಲಿಲ್ಲ?"

"ಹೇಗೆ ತಗೊಳ್ಳಲಿ? ಗುರುವಾರ ಏಳು ಓಯ್ವಾ ಅವರದಲ್ವಾ!"

ಓಯ್ವಾ ನಮ್ಮಿಬ್ಬರನ್ನೂ ನೋಡಿದರು. "ಹಾಗಾದ್ರೆ ಚಳಿಗಾಲ ಪೂರ್ತಿ ಈ ಕಲ್ಲು ಕಾದಿದ್ದು ಯಾರಿಗೆ?"

"ಯಾರಿಗೂ ಅಲ್ಲ," ಎಂದೆ ನಾನು.

"ಥೂ, ಎಂಥ ಮರ್ಯಾದಸ್ಥರಪ್ಪ ನಾವು!" ಎಂದು ಅವರು ನಕ್ಕ ರಭಸಕ್ಕೆ ವಿಲ್ಯಾ ಬೆಚ್ಚಿಬಿದ್ದಳು.

ಮಾರೆತ್ ಮಾತ್ರ ನಗಲಿಲ್ಲ. ಎದ್ದು ಹೋಗಿ, ಆವಿ ಹಿಡಿದ ಕಿಟಕಿಯ ಗಾಜಿನ ಮೇಲೆ ಬೆರಳಿನಿಂದ ಚೌಕಗಳನ್ನು ಬರೆಯತೊಡಗಿದಳು. ಪ್ರತಿ ಗಂಟೆಗೂ ಒಂದು ಮನೆಯ ಹೆಸರು. ಖಾಲಿ ಎಂಬುದೇ ಇಲ್ಲ. ಕೆಳಗೆ ಒಂದೇ ಗುಂಡಿ: 'ಈ ವಾರ ನಾನು ಬರುವುದಿಲ್ಲ, ಯಾರಾದರೂ ಹೋಗಿ.'

"ಸುಮ್ನಿದ್ರೆ ಪಾಳಿ ಉಳೀಬೇಕು," ಎಂದಳು ತನ್ನಷ್ಟಕ್ಕೆ. "ಸುಮ್ನಿರೋಕೆ ನಮಗೆ ಯಾರೂ ಕಲಿಸ್ಬೇಕಿಲ್ಲ."

ಅಕ್ಷರಗಳು ಕರಗಿ ಗಾಜಿನ ಮೇಲೆ ಇಳಿಯುತ್ತಿದ್ದವು. ಅವಳು ಮತ್ತೆ ಮತ್ತೆ ಬರೆದಳು.

ಹೊಸ ಪರದೆಯನ್ನು ಹಿಡಿದು ಮನೆಮನೆಗೆ ಹೋದಳು. ನೆಲಮಹಡಿಯ ವಿದ್ಯಾರ್ಥಿನಿಯ ಬೆರಳು ಆ ಗುಂಡಿಯ ಹತ್ತಿರವೂ ಸುಳಿಯಲಿಲ್ಲವಂತೆ. ಒತ್ತಿದರೆ ಪಾಳಿಯೇ ಕೈತಪ್ಪುತ್ತದೆ ಎಂದು ಹೆದರಿದ್ದಳು. 'ಮುಂದಿನ ವಾರ ಮತ್ತೆ ನಿಮ್ಮದೇ' ಎಂಬ ಸಾಲು ಸೇರಿದ್ದು ಹಾಗೆ. ಆಮೇಲೆ ಸಂಜೆಗಳಲ್ಲಿ ಮೆಟ್ಟಿಲ ಮೇಲೆ ಒದ್ದೆ ತಲೆಯವರು, ಕೆಂಪು ಕೆನ್ನೆಯವರು ಕಾಣತೊಡಗಿದರು. ಎದುರಾದವರು ತಲೆಯಾಡಿಸಿ ಸಾಗುತ್ತಿದ್ದರು.

ಸಭೆಯಲ್ಲಿ ಓಯ್ವಾ ಎದ್ದು ನಿಂತು, "ಸೈಕಲ್ಲು ಅಂಗಳದಲ್ಲೇ ಇರ್ಲಿ. ಅವಕ್ಕೆ ಬೆವರೋ ಅಭ್ಯಾಸ ಇಲ್ಲ" ಎಂದು ಹೇಳಿ ಕೂತರು. ಸೈಕಲ್ ಕೋಣೆಯ ಪರವಾಗಿ ಒಂದು ಕೈಯೂ ಏಳಲಿಲ್ಲ. ಸೌನಾ ಉಳಿಯಿತು.

ಈ ವಾರ ಓಯ್ವಾ ಸರೋವರದಾಚೆಯ ತಂಗಿಯ ಮನೆಗೆ ಹೋಗಿದ್ದಾರೆ. ಹೊರಡುವಾಗಲೇ 'ಬರುವುದಿಲ್ಲ' ಗುಂಡಿ ಒತ್ತಿದ್ದರು. ನಾನು, ಮಾರೆತ್, ವಿಲ್ಯಾ ಅವರ ಗಂಟೆಗೆ ಇಳಿದೆವು. ಮಾರೆತ್ ಕಲ್ಲಿಗೆ ನೀರು ಸುರಿದಳು; ಆವಿ ಮೇಲೇರಿ ಮೆಲ್ಲಗೆ ನಮ್ಮ ಭುಜಗಳ ಮೇಲೆ ಕೂತಿತು. ಕೆಳಗಿನ ಬೆಂಚಿನಲ್ಲಿ ನನ್ನ ತೊಡೆಯ ಮೇಲಿದ್ದ ವಿಲ್ಯಾ ಕೈಚಾಚಿ ಅದನ್ನು ಹಿಡಿಯಲು ನೋಡಿದಳು. ಹೊರಡುವ ಮುನ್ನ ನಾವಿಬ್ಬರೂ ಸೇರಿ ಬೆಂಚುಗಳನ್ನು ತೊಳೆದು ಒರೆಸಿದೆವು, ಬೇರೆಯವರ ಮನೆಯಲ್ಲಿ ಉಂಡೆದ್ದವರ ಹಾಗೆ.